ಚುಬುಟ್ ನದಿಯ ಜೊತೆ ಒಂದು ದಾರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಅರ್ಜೆಂಟೀನಾದ ದಕ್ಷಿಣಕ್ಕೆ ಪ್ಯಾಟಗೋನಿಯಾ ಇದೆ. ಗಾಳಿ ಜಾಸ್ತಿ, ಮಳೆ ಕಡಿಮೆ. ಅಲ್ಲಿನ ಚುಬುಟ್ ಪ್ರಾಂತ್ಯದಲ್ಲಿ ಅಟ್ಲಾಂಟಿಕ್ ಕಡಲಿನಿಂದ ಆಂಡಿಸ್ ಪರ್ವತದ ತಪ್ಪಲಿನವರೆಗೆ 600 ಕಿಲೋಮೀಟರಿಗೂ ಹೆಚ್ಚು ಉದ್ದದ ದಾರಿ ಇದೆ. ಇವತ್ತು ಆ ದಾರಿಯಲ್ಲಿ ಹೋಗಿ ಬರೋಣ ಬನ್ನಿ.

ಹೊರಡುವುದು ಪುಯೆರ್ಟೋ ಮಾದ್ರಿನ್ ಊರಿನ ಕಡಲ ದಂಡೆಯಿಂದ. 1865ರ ಜುಲೈ 28ರಂದು ಮಿಮೋಸಾ ಅನ್ನುವ ಹಡಗು ಸುಮಾರು 150 ಮಂದಿಯನ್ನು ಇಲ್ಲಿ ಇಳಿಸಿತು. ಹೆಚ್ಚುಕಡಿಮೆ ಎಲ್ಲರೂ ಬ್ರಿಟನ್ನಿನ ವೇಲ್ಸ್ ನಾಡಿನವರು. ಅವರ ಊರಲ್ಲಿ ಇಂಗ್ಲಿಷಿನ ಒತ್ತಡ, ಜಮೀನುದಾರರ ಕಾಟ. ನಮ್ಮ ವೆಲ್ಷ್ ಮಾತಲ್ಲೇ ಪ್ರಾರ್ಥನೆ ಮಾಡಬೇಕು, ನಮ್ಮ ಮಾತಲ್ಲೇ ಮಕ್ಕಳು ಓದಬೇಕು ಅಂತ ಹೊರಟವರು. ಮಾತಿಗೋಸ್ಕರ ಸಮುದ್ರ ದಾಟುವುದು ಸುಮ್ನೆ ಆಗುವ ಕೆಲಸವಲ್ಲ, ಅಲ್ವಾ? ಇಳಿದಾಗ ಅಲ್ಲಿ ಚಳಿಗಾಲ. ಕುಡಿಯಲು ನೀರಿಲ್ಲ. ದಂಡೆಯ ಮೆತ್ತನೆ ಬಂಡೆಯಲ್ಲಿ ಅವರು ಆಸರೆ ಮಾಡಿಕೊಂಡ ಗವಿಗಳನ್ನು ಈಗಲೂ ನೋಡಬಹುದು.

ಆ ಹಡಗಿನಲ್ಲಿ ಜಾನ್ ಡೇನಿಯಲ್ ಇವಾನ್ಸ್ ಅಂತ ಒಬ್ಬ ಪುಟ್ಟ ಮಗು ಇದ್ದ. ಅವನ ಹೆಸರು ನೆನಪಿಟ್ಟುಕೊಳ್ಳಿ.

ನೀರು ಹುಡುಕಿಕೊಂಡು ಅವರು ದಕ್ಷಿಣಕ್ಕೆ, ಚುಬುಟ್ ನದಿಯ ಕಣಿವೆಗೆ ಹೋದರು. ಈಗ ಅದೇ ದಿಕ್ಕಿನಲ್ಲಿ ಕಾರು ಒಂದು ಗಂಟೆಯೊಳಗೆ ಟ್ರೆಲೆವ್ ಮುಟ್ಟುತ್ತದೆ. ವೆಲ್ಷ್‌ನಲ್ಲಿ ‘ಟ್ರೆ’ ಅಂದರೆ ಊರು. ವಲಸೆಗಾರರ ಮುಂದಾಳು ಲೂಯಿಸ್ ಜೋನ್ಸ್‌ನ ಊರು ಇದು. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಗೈಮನ್.

ಗೈಮನ್‌ನಲ್ಲಿ ಗಾಡಿ ನಿಲ್ಲಿಸಲೇಬೇಕು. ಸುತ್ತಲೂ ಬೋಳು ಗುಡ್ಡ, ನಡುವೆ ಹಸಿರು ಪಟ್ಟಿ. ಉದ್ದಕ್ಕೆ ನಿಂತ ಪಾಪ್ಲರ್ ಮರಗಳು, ಅವುಗಳ ಬುಡದಲ್ಲಿ ಕಾಲುವೆ. ಈ ಹಸಿರಿಗೆಲ್ಲ ಆ ಕಾಲುವೆಗಳೇ ಕಾರಣ. ಮೊದಮೊದಲು ಬಿತ್ತಿದ್ದೆಲ್ಲ ಒಣಗಿ ಹೋಗುತ್ತಿತ್ತು. ಬಂದವರಲ್ಲಿ ಬೇಸಾಯ ಬಲ್ಲವರೇ ಕಡಿಮೆ. 1867ರಲ್ಲಿ ರೇಚೆಲ್ ಜೆಂಕಿನ್ಸ್ ಅನ್ನುವ ಹೆಣ್ಣುಮಗಳು ಒಂದು ವಿಷಯ ಗಮನಿಸಿದಳಂತೆ: ನದಿಯ ನೀರು ಹೊಲಕ್ಕಿಂತ ಎತ್ತರದಲ್ಲಿದೆ. ದಡ ಕಡಿದರೆ ನೀರು ತಾನಾಗಿ ಹರಿಯುತ್ತದಲ್ಲ! ಗಂಡ ಆರನ್ ಸಲಿಕೆ ಹಿಡಿದ. ಗೋಧಿ ಎದ್ದು ನಿಂತಿತು. ಊರು ಬಿಟ್ಟು ಹೋಗೋಣ ಅನ್ನುತ್ತಿದ್ದವರು ಉಳಿದುಕೊಂಡರು.

ಇನ್ನೊಂದು ಋಣವನ್ನೂ ಹೇಳಬೇಕು. ಆ ನೆಲದ ತೆಹುಯೆಲ್ಚೆ ಜನ ಇವರಿಗೆ ಬೇಟೆ ಕಲಿಸಿದರು. ಮಾಂಸ ಕೊಟ್ಟು ರೊಟ್ಟಿ ಪಡೆದರು. ಅವರ ಸಹಾಯ ಇಲ್ಲದಿದ್ದರೆ ಈ ಊರುಗಳು ಇರುತ್ತಿರಲಿಲ್ಲ ಅಂತಲೇ ನನ್ನ ನಂಬಿಕೆ. ಗೈಮನ್ ಅನ್ನುವ ಹೆಸರೂ ಅವರ ಮಾತಿನದೇ.

ಇಲ್ಲಿನ ಚಹಾ ಮನೆಗಳಲ್ಲಿ ಕೂತರೆ ಉಣ್ಣೆಯ ಟೋಪಿ ಹಾಕಿದ ಟೀಪಾಟ್ ಬರುತ್ತದೆ. ಮನೆಯಲ್ಲೇ ಬೇಯಿಸಿದ ಬ್ರೆಡ್, ಬೆಣ್ಣೆ, ಜಾಮ್. ಜೊತೆಗೆ ಒಣದ್ರಾಕ್ಷಿ, ಅಕ್ರೋಟು ತುಂಬಿದ ಕಪ್ಪು ಕೇಕು. ಅದು ತಿಂಗಳುಗಟ್ಟಲೆ ಕೆಡುವುದಿಲ್ಲ. ಮದುವೆಯ ಕೇಕಿನ ಒಂದು ಭಾಗವನ್ನು ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ತಿನ್ನುವ ರೂಢಿಯೂ ಇದೆ.

ಡೋಲಾವೊನ್ ದಾಟಿದ ಮೇಲೆ ಹಸಿರು ಮುಗಿಯುತ್ತದೆ. ಮುಂದೆ ಗಂಟೆಗಟ್ಟಲೆ ಬಯಲು. ಅಲ್ಲೊಂದು ಇಲ್ಲೊಂದು ಗ್ವಾನಾಕೋ ಅನ್ನುವ, ಒಂಟೆ ಜಾತಿಯ ಕಾಡುಪ್ರಾಣಿಯ ಹಿಂಡು. ಲಾಸ್ ಅಲ್ತಾರೆಸ್ ಹತ್ತಿರ ನದಿಯ ಪಕ್ಕದಲ್ಲೇ ಕೆಂಪು ಬಂಡೆಗಳ ಗೋಡೆ ಎದ್ದು ನಿಲ್ಲುತ್ತದೆ. ಪೆಟ್ರೋಲ್ ಬಂಕ್ ಕಂಡಲ್ಲೆಲ್ಲ ಟ್ಯಾಂಕ್ ತುಂಬಿಸಿಕೊಳ್ಳಿ, ಮುಂದಿನದು ಬಹಳ ದೂರ.

ಈ ಬಯಲಲ್ಲೇ 1884ರ ಮಾರ್ಚ್‌ನಲ್ಲಿ ಆ ಮಗು, ಈಗ 20 ದಾಟಿದ ಇವಾನ್ಸ್, ಮೂವರು ಗೆಳೆಯರ ಜೊತೆ ಪಶ್ಚಿಮದ ಕಡೆಯಿಂದ ವಾಪಸ್ಸು ಬರುತ್ತಿದ್ದ. ಆ ಕಾಲದಲ್ಲಿ ಅರ್ಜೆಂಟೀನಾದ ಸೈನ್ಯ ಮೂಲನಿವಾಸಿಗಳನ್ನು ಅವರ ನೆಲದಿಂದಲೇ ಓಡಿಸುತ್ತಿತ್ತು. ನೊಂದವರ ಸಿಟ್ಟು ಈ ನಾಲ್ವರ ಮೇಲೆ ತಿರುಗಿತು. ಗೆಳೆಯರು ಮೂವರೂ ಸತ್ತರು. ಇವಾನ್ಸ್‌ನ ಕುದುರೆ ಮಲಕಾರಾ ಕಡಿದಾದ ಕಮರಿಗೆ ಹಾರಿ ಅವನನ್ನು ಉಳಿಸಿತು. ಆ ಜಾಗಕ್ಕೆ ಈಗ ಹುತಾತ್ಮರ ಕಣಿವೆ ಅಂತ ಹೆಸರು.

ಮರುವರ್ಷ ಅವನೇ ದಾರಿ ತೋರಿಸುತ್ತ ಗವರ್ನರ್ ಫೊಂಟಾನಾನ ತಂಡದ ಜೊತೆ ಮತ್ತೆ ಪಶ್ಚಿಮಕ್ಕೆ ಹೋದ. ಬಯಲಿನ ಕೊನೆಗೆ ಹಿಮದ ಶಿಖರ, ಕಾಡು, ತುಂಬಿ ಹರಿಯುವ ಹೊಳೆ. ಕಂಡವರು ಅದನ್ನು ‘ಕುಮ್ ಹವ್ರಿಡ್’ ಅಂದರು. ಅಂದರೆ ಅಂದದ ಕಣಿವೆ. ಎಸ್ಕೆಲ್ ಊರು ದಾಟಿ ಇಳಿಯುವಾಗ ನಮಗೂ ಹಾಗೇ ಅನ್ನಿಸುತ್ತದೆ. ಅಷ್ಟು ಹೊತ್ತು ಬರೀ ಕಂದು ಬಣ್ಣ ನೋಡಿದ ಕಣ್ಣಿಗೆ ಆ ಹಸಿರು ತಂಪು.

ಕಣಿವೆಯ ಊರು ಟ್ರೆವೆಲಿನ್. ಗಿರಣಿಯ ಊರು ಅಂತ ಅರ್ಥ. ಈ ಕಣಿವೆ ಯಾವ ದೇಶದ್ದು ಅಂತ ಗಡಿಯ ತಗಾದೆ ಇದ್ದಾಗ, ಇಲ್ಲಿನ ಶಾಲೆಯ ಬಳಿ 1902ರಲ್ಲಿ ಜನ ಸೇರಿ, ನಾವು ಚಿಲಿಗಲ್ಲ, ಅರ್ಜೆಂಟೀನಾಕ್ಕೆ ಸೇರಿದವರು ಅಂತ ಹೇಳಿದರು. ಇವಾನ್ಸ್ ಇಲ್ಲೇ ನೆಲೆಸಿದ, ಗಿರಣಿ ನಡೆಸಿದ. ಮಲಕಾರಾ 1909ರಲ್ಲಿ ಸತ್ತಾಗ ಅದನ್ನು ಮನೆಯ ಹತ್ತಿರವೇ ಮಣ್ಣು ಮಾಡಿದ. ಅದರ ಮೇಲೆ ಒಂದು ಒರಟು ಕಲ್ಲು. ನನ್ನ ಜೀವ ಉಳಿಸಿದ ಕುದುರೆ ಇಲ್ಲಿದೆ ಅಂತ ಅವನು ಅದರ ಮೇಲೆ ಸ್ಪ್ಯಾನಿಷ್‌ನಲ್ಲಿ ಬರೆಸಿದ್ದಾನೆ.

ನಮಸ್ಕಾರ.