ಹಸಿದ ಸೈನ್ಯದ ಕೊನೆಯ ವಾರ

ಕೇಳುಗರಿಗೆ ನಮಸ್ಕಾರ.

ಯುದ್ಧ ಮುಗಿದ ಕಥೆ ಅಂದರೆ ಇಬ್ಬರು ಸೇನಾಪತಿಗಳು, ಒಂದು ಮೇಜು, ಒಂದು ಸಹಿ. ಅಮೆರಿಕದ ಅಂತರ್ಯುದ್ಧದ ಕೊನೆಯನ್ನೂ ನಾವು ಹಾಗೇ ಓದಿದ್ದೇವೆ. ಸಾಲಿನಲ್ಲಿ ನಡೆದ ಸಿಪಾಯಿಯನ್ನು ಕೇಳಿದ್ದರೆ ಅವನು ಮೊದಲು ಊಟದ ಮಾತೇ ಎತ್ತುತ್ತಿದ್ದ. ಇವತ್ತು ಅವನ ಆ ಕೊನೆಯ ವಾರದ ಬಗ್ಗೆ ಹೇಳುತ್ತೇನೆ.

ಅಷ್ಟು ದೂರದ ಜಗಳ ನಮಗ್ಯಾಕೆ ಅನ್ನಿಸಬಹುದು. 1861ರಲ್ಲಿ ಆ ಯುದ್ಧ ಶುರುವಾಗಿ ಅಮೆರಿಕದ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುವುದು ನಿಂತಾಗ ನಮ್ಮ ಧಾರವಾಡ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂದಿತ್ತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆಯೂ ಬಿತ್ತು.

ಅಮೆರಿಕದಿಂದ ಬೇರೆಯಾಗಲು ಹೊರಟ ದಕ್ಷಿಣದ ರಾಜ್ಯಗಳ ಸೇನಾಪತಿ ರಾಬರ್ಟ್ ಲೀ ಅವರ ಸೈನ್ಯ 1864ರ ಜೂನ್‌ನಿಂದ ವರ್ಜೀನಿಯಾದ ಪೀಟರ್ಸ್‌ಬರ್ಗ್ ಸುತ್ತ ಕಂದಕಗಳಲ್ಲಿ ಕೂತಿತ್ತು. ಒಂಬತ್ತು ತಿಂಗಳು ಅದೇ ಕೆಸರು, ಅದೇ ಅರೆಹೊಟ್ಟೆ. ಊರಿಂದ ಹೆಂಡತಿಯ ಕಾಗದ ಬರುತ್ತಿತ್ತು. ಮನೆಯಲ್ಲಿ ಹಿಟ್ಟಿಲ್ಲ, ಬಂದುಬಿಡಿ ಅಂತ. ಎಷ್ಟೋ ಜನ ರಾತ್ರಿ ಸುಮ್ನೆ ಎದ್ದು ಮನೆ ದಾರಿ ಹಿಡಿದರು. ಅವರನ್ನು ಹೇಡಿಗಳು ಅನ್ನುವುದಕ್ಕೆ ನನಗೆ ಬಾಯಿ ಬರುವುದಿಲ್ಲ.

1865ರ ಏಪ್ರಿಲ್ 2ರಂದು ಸೇನಾಪತಿ ಗ್ರಾಂಟ್ ಅವರ ಉತ್ತರದ ಸೈನ್ಯ ಆ ಕಂದಕಗಳ ಸಾಲನ್ನು ಮುರಿಯಿತು. ಅದೇ ರಾತ್ರಿ ಲೀ ಸೈನ್ಯ ಪಶ್ಚಿಮಕ್ಕೆ ಹೊರಟಿತು. ಅಮೀಲಿಯಾ ಕೋರ್ಟ್‌ಹೌಸ್ ಎಂಬ ಊರಿನಲ್ಲಿ ರೈಲಿನಲ್ಲಿ ದಿನಸಿ ಬಂದಿರುತ್ತದೆ ಎಂಬ ಭರವಸೆ ಇತ್ತು. ಏಪ್ರಿಲ್ 4ಕ್ಕೆ ಅಲ್ಲಿಗೆ ಮುಟ್ಟಿ ನೋಡಿದರೆ ಮದ್ದುಗುಂಡು ಇತ್ತು, ಊಟ ಇರಲಿಲ್ಲ. ಲೀ ಸುತ್ತಲಿನ ರೈತರ ಹತ್ತಿರ ಕಾಳುಕಡಿ ಕೇಳಲು ಗಾಡಿಗಳನ್ನು ಕಳಿಸಿದರು. ಯುದ್ಧ ಆ ಹಳ್ಳಿಗಳ ಕಣಜವನ್ನು ಎಂದೋ ಬರಿದು ಮಾಡಿತ್ತು. ಗಾಡಿಗಳು ಹೆಚ್ಚುಕಡಿಮೆ ಖಾಲಿಯಾಗೇ ಮರಳಿದವು. ಕಾದದ್ದರಲ್ಲಿ ಒಂದು ದಿನವೂ ಕೈಬಿಟ್ಟಿತು. ಬೆನ್ನಟ್ಟಿ ಬರುತ್ತಿದ್ದ ಉತ್ತರದವರಿಗೆ ಅಷ್ಟೇ ಸಾಕಿತ್ತು.

ಅಲ್ಲಿಂದ ಮುಂದೆ ಎಷ್ಟೋ ಸಿಪಾಯಿಗಳ ಊಟ ಅಂದರೆ ಕುದುರೆಗೆ ಇಟ್ಟಿದ್ದ ಮೆಕ್ಕೆಜೋಳ. ಒಂದು ಹಿಡಿ ಕಾಳು ತಗೊಂಡು ಬೆಂಕಿಯಲ್ಲಿ ಹುರಿದು ಜೇಬಿಗೆ ಹಾಕಿಕೊಳ್ಳುವುದು, ನಡೆಯುತ್ತಾ ಅಗಿಯುವುದು. ಒಣಗಿದ ಕಾಳು ಕಲ್ಲಿನ ಹಾಗೆ. ದವಡೆ ಸೋಲುತ್ತಿತ್ತು, ವಸಡು ನೋಯುತ್ತಿತ್ತು. ಕುದುರೆಯ ಪಾಲು ಮನುಷ್ಯ ತಿಂದರೆ ಕುದುರೆಗೇನು ಉಳಿಯಿತು? ಗಾಡಿ, ಫಿರಂಗಿ ಎಳೆಯುವ ಪ್ರಾಣಿಗಳು ದಾರಿಯಲ್ಲೇ ಕುಸಿದವು. ರಾತ್ರಿಯೂ ನಡಿಗೆ. ನಡೆಯುತ್ತಲೇ ನಿದ್ದೆ ಹೋದವರಿದ್ದರು. ಬಂದೂಕನ್ನು ರಸ್ತೆ ಬದಿಗೆ ಬಿಟ್ಟು ಹೋದವರೂ ಇದ್ದರು.

ಏಪ್ರಿಲ್ 6ರಂದು ಸೈಲರ್ಸ್ ಕ್ರೀಕ್ ಎಂಬ ಹಳ್ಳದ ಹತ್ತಿರ ಒಂದೇ ದಿನ ಲೀ ಸೈನ್ಯದ ಸುಮಾರು 7,700 ಜನ ಕೈತಪ್ಪಿ ಹೋದರು. ಹೆಚ್ಚಿನವರು ಸೆರೆಯಾದವರು. ಏಪ್ರಿಲ್ 8ರ ಸಂಜೆ ಅಪೊಮ್ಯಾಟಕ್ಸ್ ಸ್ಟೇಷನ್ನಿಗೆ ದಿನಸಿ ರೈಲುಗಳೇನೋ ಬಂದವು. ಉತ್ತರದ ಕಸ್ಟರ್ ಅವರ ಕುದುರೆ ದಂಡು ಅವನ್ನು ಹಿಡಿದುಬಿಟ್ಟಿತು. ಕೆಲವೇ ಮೈಲಿ ದೂರದಲ್ಲಿ ಊಟ ಇದ್ದೂ ಅವರ ಬಾಯಿಗೆ ಬರಲಿಲ್ಲ.

ಮರುದಿನ ಬೆಳಗ್ಗೆ ದಕ್ಷಿಣದವರು ಕೊನೆಯ ಸಲ ನುಗ್ಗಿದರು. ಎದುರಿದ್ದ ಕುದುರೆ ದಂಡು ಹಿಂದೆ ಸರಿಯಿತು, ಅದರ ಹಿಂದೆ ಉತ್ತರದ ಕಾಲಾಳುಗಳ ಸಾಲು ನಿಂತಿತ್ತು. ಅದರಲ್ಲಿ ಕಪ್ಪು ಸಿಪಾಯಿಗಳ ರೆಜಿಮೆಂಟುಗಳೂ ಇದ್ದವು. ಇದನ್ನು ಒತ್ತಿ ಹೇಳಬೇಕು ಅಂತ ನನಗನ್ನಿಸುತ್ತದೆ. ಹಸಿದ ಸಿಪಾಯಿಯ ಕಥೆ ಕೇಳಿದರೆ ಕರುಳು ಚುರುಕ್ ಅನ್ನುತ್ತದೆ, ಅನ್ನಬೇಕು ಕೂಡ. ಆದರೆ ಅವನ ಸರ್ಕಾರ ಹೋರಾಡಿದ್ದು ಸುಮಾರು 35 ಲಕ್ಷ ಜನರನ್ನು ಗುಲಾಮರಾಗಿ ಇಟ್ಟುಕೊಳ್ಳುವುದಕ್ಕೆ. ಅವತ್ತು ದಾರಿಗೆ ಅಡ್ಡ ನಿಂತವರಲ್ಲಿ ಹಿಂದೆ ಸ್ವತಃ ಗುಲಾಮರಾಗಿದ್ದವರೂ ಇದ್ದರು. ಅವರು ನಡೆದು ಬಂದ ದಾರಿ ಇನ್ನೂ ಉದ್ದದ್ದು, ಅಲ್ವಾ?

ಅದೇ ಏಪ್ರಿಲ್ 9ರ ಮಧ್ಯಾಹ್ನ ವಿಲ್ಮರ್ ಮೆಕ್ಲೀನ್ ಅವರ ಮನೆಯಲ್ಲಿ ಲೀ ಶರಣಾದರು. ಗ್ರಾಂಟ್ ಹಸಿದವರಿಗೆ 25,000 ಜನರ ದಿನಸಿ ಕೊಡಿಸಿದರು. ದಕ್ಷಿಣದ ಸವಾರರ ಕುದುರೆಗಳು ಅವರವರ ಸ್ವಂತದ್ದು ಎಂದು ಲೀ ಹೇಳಿದಾಗ, ಬಿತ್ತನೆಗೆ ಬೇಕಾಗುತ್ತವೆ, ಮನೆಗೆ ಹೊಡೆದುಕೊಂಡು ಹೋಗಲಿ ಎಂದು ಒಪ್ಪಿದರು. ಉಳುಮೆಯ ಕಾಲದಲ್ಲಿ ಪ್ರಾಣಿ ಇಲ್ಲದ ರೈತನ ಪಾಡು ನಮಗೆ ಹೊಸದಲ್ಲ. ಇಡೀ ಯುದ್ಧದಲ್ಲಿ ನನಗೆ ತುಂಬ ಇಷ್ಟವಾದ ಮಾತು ಇದು. ಉತ್ತರದ ಸಿಪಾಯಿಗಳೂ ತಮ್ಮ ಚೀಲದ ತಿಂಡಿಯನ್ನು ನಿನ್ನೆಯವರೆಗೆ ಗುಂಡು ಹಾರಿಸಿದವರ ಜೊತೆ ಹಂಚಿಕೊಂಡರು.

ಆ ಊರಿನ ಕ್ಲೋವರ್ ಹಿಲ್ ಛತ್ರದಲ್ಲಿ ಅಚ್ಚಿನ ಯಂತ್ರ ಇಟ್ಟು ಬಿಡುಗಡೆ ಚೀಟಿ ಮುದ್ರಿಸಿದರು. ಸುಮಾರು 28,000 ಜನ ಬಿಡುಗಡೆಯಾದರು. ಚೀಟಿ ತೋರಿಸಿದರೆ ಸರ್ಕಾರದ ಹಡಗು, ಮಿಲಿಟರಿ ರೈಲಿನಲ್ಲಿ ಪುಕ್ಕಟೆ ಹೋಗಬಹುದಿತ್ತು. ದಕ್ಷಿಣದ ಹಳಿಗಳೇ ಎಷ್ಟೋ ಕಡೆ ಕಿತ್ತುಹೋಗಿದ್ದರಿಂದ ಬಹಳ ಜನ ನಡೆದೇ ಊರು ಸೇರಿದರು.

ಬೇರೆ ಕಡೆ ಯುದ್ಧ ಇನ್ನೂ ಉಳಿದಿತ್ತು. ಮೇ 13ರಂದು, ಲೀ ಶರಣಾಗಿ 34 ದಿನದ ಮೇಲೆ, ಟೆಕ್ಸಾಸ್‌ನ ಪಾಲ್ಮಿಟೊ ರಾಂಚ್‌ನಲ್ಲಿ ಉತ್ತರದ ಕಡೆಯ, ಇಂಡಿಯಾನಾದ ಜಾನ್ ಜೆಫರ್ಸನ್ ವಿಲಿಯಮ್ಸ್ ಎಂಬ ಸಿಪಾಯಿ ಗುಂಡಿಗೆ ಬಲಿಯಾದ. ಈ ಯುದ್ಧದ ಕಾಳಗಗಳಲ್ಲಿ ಸತ್ತ ಕೊನೆಯವನು ಅವನೇ ಅಂತ ಲೆಕ್ಕ. ಲೀ ಶರಣಾದ ಸುದ್ದಿ ಅಲ್ಲಿಗೆ ಆಗಲೇ ಮುಟ್ಟಿತ್ತು.

ನಮಸ್ಕಾರ.