ಮೊದಲು ಆಸರೆ, ಆಮೇಲೆ ಧ್ಯಾನ

ಸಹೃದಯರೇ,

ಎಂದೋ ನಡೆದುಹೋದ ಘಟನೆ ಈಗಲೂ ನಡೆಯುತ್ತಿದೆಯೆಂಬಂತೆ ದೇಹ ವರ್ತಿಸುತ್ತಲೇ ಇರುವ ಸ್ಥಿತಿಯನ್ನು ಮಾನಸಿಕ ಆಘಾತ ಎನ್ನುತ್ತೇವೆ. ಯುದ್ಧ, ಲೈಂಗಿಕ ದೌರ್ಜನ್ಯ, ಅಪಘಾತ, ಬಾಲ್ಯದಲ್ಲಿ ಉಂಡ ಹಿಂಸೆ, ಆಪ್ತರ ಹಠಾತ್ ಸಾವು, ಹೀಗೆ ಕಾರಣ ಯಾವುದೇ ಇರಲಿ, ಎಷ್ಟೋ ವರ್ಷಗಳ ನಂತರವೂ ಒಂದು ಸದ್ದು ಅಥವಾ ಒಂದು ವಾಸನೆ ಸಾಕು, ಎದೆ ಬಡಿದುಕೊಳ್ಳುತ್ತದೆ, ಉಸಿರು ಕಟ್ಟುತ್ತದೆ, ಇಲ್ಲವೇ ಮೈ ಮರಗಟ್ಟಿ ಸುತ್ತಲಿನದೆಲ್ಲ ದೂರ ಸರಿದುಹೋಗುತ್ತದೆ. ಅಮೆರಿಕದ ಮನೋವೈದ್ಯರ ಸಂಘವು ಈ ಕಾಯಿಲೆಯನ್ನು ತನ್ನ ರೋಗನಿರ್ಣಯದ ಕೈಪಿಡಿಯಲ್ಲಿ ಸೇರಿಸಿದ್ದು 1980ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಟ್-ಜಿನ್ ಅವರು ಬೌದ್ಧ ಸ್ಮೃತಿಸಾಧನೆಯ, ಅಂದರೆ ಈ ಕ್ಷಣವನ್ನು ಎಚ್ಚರದಿಂದ ಗಮನಿಸುವ ಅಭ್ಯಾಸದ, ಆಧಾರದ ಮೇಲೆ ರೋಗಿಗಳಿಗೆ ತರಬೇತಿಯನ್ನು ಆರಂಭಿಸಿದ್ದರು. ಇಂದು ನೊಂದವರಿಗೆಲ್ಲ ಧ್ಯಾನ ಮಾಡಿರೆಂಬ ಸಲಹೆ ಸುಲಭವಾಗಿ ಸಿಗುತ್ತದೆ. ಅದರಲ್ಲಿ ಹಿತವಿದೆ, ಆದರೆ ನೊಂದವರು ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಕೇಳದೆ ಕೊಟ್ಟ ಸಲಹೆಯಿಂದ ಗಾಯ ಇನ್ನಷ್ಟು ಆಳವಾಗಲೂಬಹುದು.

ಈ ಎಚ್ಚರ ಹೊಸದೇನಲ್ಲ. ಬುದ್ಧನ ಬೋಧನೆಗಳ ಪಾಳಿ ಸಂಗ್ರಹವಾದ ಸಂಯುತ್ತ ನಿಕಾಯದಲ್ಲಿ ವೈಶಾಲಿಯ ಒಂದು ಪ್ರಸಂಗವಿದೆ. ದೇಹದ ಅಶುಚಿಯನ್ನು ಕುರಿತು ಧ್ಯಾನಿಸುವಂತೆ ಭಿಕ್ಷುಗಳಿಗೆ ಬೋಧಿಸಿದ ಬುದ್ಧ ಅರ್ಧ ತಿಂಗಳು ಏಕಾಂತಕ್ಕೆ ತೆರಳುತ್ತಾನೆ. ಹಿಂದಿರುಗಿದಾಗ ಸಂಘ ಕ್ಷೀಣಿಸಿರುತ್ತದೆ; ಆ ಧ್ಯಾನದಿಂದ ತಮ್ಮ ದೇಹದ ಮೇಲೆಯೇ ಜಿಗುಪ್ಸೆಗೊಂಡ ಅನೇಕ ಭಿಕ್ಷುಗಳು ಪ್ರಾಣ ಕಳೆದುಕೊಂಡಿರುತ್ತಾರೆ. ಬೇರೊಂದು ಮಾರ್ಗವನ್ನು ತಿಳಿಸಬೇಕೆಂದು ಶಿಷ್ಯ ಆನಂದ ಬೇಡಿಕೊಂಡಾಗ ಬುದ್ಧ ಬೋಧಿಸಿದ್ದು ಆನಾಪಾನಸತಿಯನ್ನು, ಉಸಿರಿನ ಮೇಲಿನ ಸ್ಮೃತಿಯನ್ನು. ಅತ್ಯಂತ ದಾರುಣವಾದ ಈ ಪ್ರಸಂಗವನ್ನು ಪರಂಪರೆ ಮುಚ್ಚಿಡದೆ ಉಳಿಸಿಕೊಂಡು ಬಂದಿದೆ. ಸಾಧನೆ ಸಾಧಕನಿಗೆ ಹೊಂದದಿದ್ದರೆ ಬದಲಾಗಬೇಕಾದದ್ದು ಸಾಧನೆಯೇ ಹೊರತು, ಸಾಧಕ ದುರ್ಬಲನೆಂದು ದೂರುವುದಕ್ಕೆ ಅಲ್ಲಿ ಎಡೆಯಿಲ್ಲ ಎಂದು ನಾನು ಇದನ್ನು ಓದಿಕೊಂಡಿದ್ದೇನೆ.

ಆ ಉಸಿರೂ ಎಲ್ಲರಿಗೂ ಸುರಕ್ಷಿತವಲ್ಲ. ಕುತ್ತಿಗೆ ಹಿಸುಕಿಸಿಕೊಂಡವರಿಗೆ, ನೀರಿನಲ್ಲಿ ಮುಳುಗಿ ಬದುಕಿದವರಿಗೆ ಉಸಿರನ್ನು ಗಮನಿಸುವುದೆಂದರೆ ಆ ಗಳಿಗೆಗೇ ಮರಳುವುದಾಗಬಹುದು. ಅಂಥವರು ಕಣ್ಣು ತೆರೆದಿರಲಿ, ಪಾದ ನೆಲಕ್ಕೆ ತಾಗುವುದನ್ನು ಗಮನಿಸಲಿ, ಹೊರಗಿನ ಸದ್ದುಗಳನ್ನು ಆಲಿಸಲಿ, ಕೂರಲಾಗದಿದ್ದರೆ ನಡೆಯಲಿ. ಸ್ಮೃತಿಯನ್ನು ಕುರಿತ ಬುದ್ಧನ ಬೋಧೆಯಾದ ಸತಿಪಟ್ಠಾನ ಸುತ್ತದಲ್ಲಿ ನಡೆಯುವುದು, ನಿಲ್ಲುವುದು, ಕೈಕಾಲು ಮಡಿಸುವುದು, ಚಾಚುವುದು ಎಲ್ಲವೂ ಸ್ಮೃತಿಯ ನೆಲೆಗಳೇ ಆಗಿವೆ. ಸಾಕೆನಿಸಿದಾಗ ನಿಲ್ಲಿಸುವ ಸ್ವಾತಂತ್ರ್ಯ ಅವರದಾಗಿರಬೇಕು, ಏಕೆಂದರೆ ಆಘಾತ ಮೊದಲು ಕಸಿದುಕೊಂಡದ್ದು ಅದನ್ನೇ.

ಎರಡು ಬಾಣಗಳ ಉಪಮೆಯನ್ನು ನೀವು ಕೇಳಿರಬಹುದು: ಮೊದಲ ಬಾಣ ದೇಹದ ನೋವು, ಎರಡನೆಯದು ಅದಕ್ಕೆ ಮನಸ್ಸು ಸೇರಿಸುವ ಸಂಕಟ. ಇದನ್ನು ನೊಂದವರ ಮುಂದೆ ಹೇಳುವಾಗ ಬಹಳ ಜಾಗರೂಕರಾಗಿರಬೇಕು. ‘ನಿನ್ನ ಸಂಕಟ ನೀನೇ ಮಾಡಿಕೊಂಡದ್ದು’ ಎಂದು ಕೇಳಿಸಿದರೆ ಉಪಮೆಯೇ ಮೂರನೆಯ ಬಾಣವಾಗುತ್ತದೆ. ಆಘಾತಕ್ಕೆ ಸಿಕ್ಕಿದವರ ಭಯ ಅವರು ಆರಿಸಿಕೊಂಡದ್ದಲ್ಲ. ಅಪಾಯದಿಂದ ಕಾಪಾಡಲು ದೇಹ ಕಲಿತ ಪಾಠ ಅದು.

ಕರುಣೆ ಬೇಕಾಗುವುದು ಇಲ್ಲಿಯೇ. ಹಿಂಸೆಗೆ ಒಳಗಾದವರಲ್ಲಿ ಬಹಳಷ್ಟು ಮಂದಿ ತಮ್ಮನ್ನೇ ದೂಷಿಸಿಕೊಳ್ಳುತ್ತಾರೆ. ಐದನೆಯ ಶತಮಾನದ ಬುದ್ಧಘೋಷನ ಸಾಧನಾಗ್ರಂಥ ವಿಶುದ್ಧಿಮಗ್ಗವು ಮೈತ್ರಿಭಾವನೆಯನ್ನು, ಎಂದರೆ ಒಳಿತನ್ನು ಹಾರೈಸುವ ಧ್ಯಾನವನ್ನು, ತನ್ನಿಂದಲೇ ಆರಂಭಿಸಬೇಕೆಂದು ವಿಧಿಸುತ್ತದೆ; ಗೌರವಾರ್ಹರು, ಪ್ರಿಯರು, ಪ್ರಿಯರೂ ಅಲ್ಲದ ವೈರಿಗಳೂ ಅಲ್ಲದ ಮಧ್ಯಸ್ಥರು ಆ ಬಳಿಕ, ವೈರಿ ಕಟ್ಟಕಡೆಗೆ. ಆರಂಭದಲ್ಲಿಯೇ ವೈರಿಯನ್ನು ನೆನೆದರೆ ಸಿಟ್ಟು ಕೆರಳುತ್ತದೆ ಎಂದು ಅದು ಎಚ್ಚರಿಸುತ್ತದೆ. ಕ್ಷಮಿಸಿಬಿಡು, ನೆಮ್ಮದಿ ಸಿಗುತ್ತದೆ ಎಂದು ಗಾಯಗೊಂಡವರನ್ನು ಅವಸರಪಡಿಸುವವರು ಈ ಕ್ರಮವನ್ನು ಗಮನಿಸಬೇಕು. ತನ್ನ ಮೇಲೆ ತನಗೇ ದಯೆ ಹುಟ್ಟದಿದ್ದರೆ ಮೊದಲು ಒಬ್ಬ ಪ್ರೀತಿಪಾತ್ರರನ್ನು ನೆನೆದುಕೊಂಡರೂ ಅಡ್ಡಿಯಿಲ್ಲವೆಂಬುದು ನನ್ನ ಅಭಿಪ್ರಾಯ.

ಬುದ್ಧನ ಕಾಲದ ಪಟಾಚಾರೆಯ ಕಥೆಯಲ್ಲಿ ಇವೆಲ್ಲವೂ ಒಂದೆಡೆ ಸೇರಿವೆ. ಹಿರಿಯ ಭಿಕ್ಷುಣಿಯರ ಪದ್ಯಸಂಗ್ರಹವಾದ ಥೇರೀಗಾಥೆಯ ಅಟ್ಠಕಥೆಯ (ವ್ಯಾಖ್ಯಾನದ) ಪ್ರಕಾರ ಆಕೆ ಗಂಡ, ಇಬ್ಬರು ಮಕ್ಕಳು, ತಂದೆತಾಯಿ, ಸೋದರ ಎಲ್ಲರನ್ನೂ ಬೆನ್ನುಬೆನ್ನಿಗೆ ಕಳೆದುಕೊಂಡು, ಮೈಮೇಲಿನ ಬಟ್ಟೆಯ ಪರಿವೆಯೂ ಇಲ್ಲದೆ ಶ್ರಾವಸ್ತಿಯಲ್ಲಿ ಅಲೆಯುತ್ತಾಳೆ. ಜನ ಓಡಿಸುತ್ತಾರೆ. ಬುದ್ಧ ಆಕೆಯನ್ನು ತಡೆಯಬೇಡಿರೆನ್ನುತ್ತಾನೆ. ಸೋದರಿಯೆಂದು ಕರೆದು ಸ್ಮೃತಿಗೆ ಮರಳೆನ್ನುತ್ತಾನೆ. ಆಕೆಗೆ ಅರಿವು ಮರಳುತ್ತದೆ, ನಾಚಿ ಕುಗ್ಗುತ್ತಾಳೆ, ಅಲ್ಲಿದ್ದವರೊಬ್ಬರು ತಮ್ಮ ಮೇಲುವಸ್ತ್ರವನ್ನು ಕೊಡುತ್ತಾರೆ. ಆಕೆ ತನಗೊದಗಿದ್ದನ್ನೆಲ್ಲ ಹೇಳಿಕೊಂಡ ಮೇಲೆಯೇ ಬೋಧೆ. ಹತ್ತಿರ ಬರಲು ಅವಕಾಶ, ಬಾಂಧವ್ಯದ ಒಂದು ಮಾತು, ಮೈಗೆ ಬಟ್ಟೆ, ಕೇಳುವ ಕಿವಿ, ಇಷ್ಟಾಗುವವರೆಗೆ ಧರ್ಮದ ಮಾತು ಕಾದಿತ್ತು. ಇಂದು ಆ ಕೆಲಸವನ್ನು ಚಿಕಿತ್ಸಕರು, ಆಪ್ತರು, ಅನುಭವಿ ಧ್ಯಾನಗುರುಗಳು ಕೂಡಿ ಮಾಡಬೇಕಾಗುತ್ತದೆ. ನಿದ್ರೆ ಬಾರದ, ಬದುಕು ಬೇಡವೆನಿಸುವ ಸ್ಥಿತಿಯಲ್ಲಿರುವವರನ್ನು ಧ್ಯಾನದ ಚಾಪೆಯೊಂದರ ಮೇಲೆಯೇ ಬಿಡಬಾರದು, ಮನೋವೈದ್ಯರ ಬಳಿಗೆ ಕರೆದೊಯ್ಯಬೇಕು.

ಪಟಾಚಾರೆ ಮುಂದೆ ಭಿಕ್ಷುಣಿಯಾದಳು, ವಿನಯದಲ್ಲಿ, ಅಂದರೆ ಸಂಘದ ನಿಯಮಗಳ ಅರಿವಿನಲ್ಲಿ, ಅಗ್ರಗಣ್ಯಳೆನಿಸಿದಳು. ಮಕ್ಕಳನ್ನು ಕಳೆದುಕೊಂಡ ಅನೇಕ ತಾಯಂದಿರು ಆಕೆಯ ಬಳಿಗೆ ಬಂದರು. ಎದೆಯಲ್ಲಿ ಅಡಗಿದ್ದ ಶೋಕದ ಬಾಣವನ್ನು ಆಕೆ ಕಿತ್ತು ತೆಗೆದಳೆಂದು ಅವರು ಹೇಳಿಕೊಂಡ ಗಾಥೆಗಳು ಥೇರೀಗಾಥೆಯಲ್ಲಿ ಉಳಿದಿವೆ.