ಮೊದಲು ಕಲ್ಲು, ಆಮೇಲೆ ಊಟ

ಎಲ್ಲರಿಗೂ ನಮಸ್ಕಾರ. ಮಕ್ಕಳಿಗೆ ರಜೆ ಶುರುವಾಯಿತು. ಇನ್ನು ಬೆಂಗಳೂರಿನ ಮನೆಮನೆಗೂ ನೆಂಟರು. ನಾವು ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತೇವೆ? ಸೀದಾ ಮಾಲ್‌ಗೆ. ಅದು ಅವರ ಊರಲ್ಲೂ ಇದೆ, ಅಲ್ವಾ? ನಾನು ಕೇಳುವುದು ಒಂದೇ. ಮೊದಲು ಕಸ್ತೂರಬಾ ರಸ್ತೆಯ ಆ ಕೆಂಪು ಕಟ್ಟಡಕ್ಕೆ ಹೋಗಿ. 1865ರಲ್ಲಿ ಶುರುವಾದ ನಮ್ಮ ಸರ್ಕಾರಿ ವಸ್ತುಸಂಗ್ರಹಾಲಯ ಅದು.

ಅಲ್ಲಿ ಆತಕೂರಿನ ಕಲ್ಲಿದೆ. ಕಥೆ ನಿಮಗೆ ಗೊತ್ತು, ಆದರೂ ಹೇಳುತ್ತೇನೆ, ನನಗೆ ತಡೆಯಲು ಆಗುವುದಿಲ್ಲ. ಚೋಳರ ವಿರುದ್ಧದ ತಕ್ಕೋಲದ ಯುದ್ಧದಲ್ಲಿ ಮಣಲೆರ ಎಂಬ ವೀರ ಚೆನ್ನಾಗಿ ಹೋರಾಡಿದ. ಗಂಗರ ದೊರೆ ಬೂತುಗ ಮೆಚ್ಚಿ, ಏನು ಬೇಕೋ ಕೇಳು ಎಂದ. ಚಿನ್ನ ಕೇಳಬಹುದಿತ್ತು. ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು! ಮುಂದೆ ಆ ನಾಯಿ ದೊಡ್ಡ ಕಾಡುಹಂದಿಯ ಜೊತೆ ಕಾದಾಡಿತು. ಎರಡೂ ಸತ್ತವು. ಅದರ ನೆನಪಿಗೆ ನಿಲ್ಲಿಸಿದ ಕಲ್ಲು ಇದು. ಕ್ರಿ.ಶ. 949ರ ಸುಮಾರಿನದು.

ಹೋದ ಸಲ ಅಕ್ಕನ ಮಗ ಬಂದಿದ್ದ, ಎಂಟು ವರ್ಷ. ನಾಯಿ, ಹಂದಿಯ ಕೆತ್ತನೆ ನೋಡಿ, "ನಾಯಿಗೂ ಕಲ್ಲು ಹಾಕಿಸಿದ್ರಾ ಮಾವ?" ಅಂದ. ಆಮೇಲೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ, ಹಳಗನ್ನಡದ ಸಾಲಿನಲ್ಲಿ ತನಗೆ ಗೊತ್ತಿರುವ ಅಕ್ಷರ ಹುಡುಕಲು ನಿಂತ. ಒಂದು 'ರ' ಸಿಕ್ಕಿತು. ಆ ಖುಷಿ ನೋಡಬೇಕಿತ್ತು ನೀವು! ಯಾವ ಮಾಲ್ ಕೊಡುತ್ತದೆ ಅದನ್ನು?

ಆ ಶಾಸನದಲ್ಲಿ ಒಂದು ಎಚ್ಚರಿಕೆಯೂ ಇದೆ. ಈ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ನಾಯಿಯ ಪಾಪ ತಟ್ಟುತ್ತದಂತೆ. ಅದಕ್ಕೇ ಹೇಳುವುದು, ಮೊದಲು ಕಲ್ಲು, ಆಮೇಲೆ ಊಟ.

ಪಕ್ಕದಲ್ಲೇ ವಿಶ್ವೇಶ್ವರಯ್ಯ ಮ್ಯೂಸಿಯಂ. ರೈಟ್ ಸಹೋದರರ ವಿಮಾನದ ಮಾದರಿ ಅಲ್ಲಿದೆ. ಮಕ್ಕಳೇ ನಿಮ್ಮನ್ನು ಎಳೆದುಕೊಂಡು ಹೋಗುತ್ತಾರೆ, ನಾನು ಹೇಳಬೇಕಿಲ್ಲ.

ಹಸಿವಾಯಿತಾ? ಗಾಂಧಿ ಬಜಾರಿಗೆ ಬನ್ನಿ. 1943ರ ವಿದ್ಯಾರ್ಥಿ ಭವನ. ಪಂಚೆ ಉಟ್ಟವರು ಒಂದೇ ಕೈ ಮೇಲೆ ದೋಸೆ ತಟ್ಟೆಗಳನ್ನು ಸಾಲಾಗಿ ಪೇರಿಸಿಕೊಂಡು ಬರುವುದನ್ನು ನೆಂಟರು ಬಾಯಿಬಿಟ್ಟು ನೋಡಲಿ. ದೋಸೆ ಗರಿಗರಿ, ಒಳಗೆ ಮೆತ್ತಗೆ, ಮೇಲೆ ಚಟ್ನಿ. ಇಲ್ಲವೇ ಲಾಲ್‌ಬಾಗ್ ಹತ್ತಿರದ ಎಂ.ಟಿ.ಆರ್. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ರವೆ ಇಡ್ಲಿ ಹುಟ್ಟಿದ್ದು ಅಲ್ಲೇ. ಅದನ್ನು ತಿನ್ನುವಾಗ ಮಕ್ಕಳಿಗೆ ಈ ಕಥೆಯನ್ನೂ ಹೇಳಿ.

ಸಂಘಟಕರ ಚೀಟಿ ಬಂತು, ಮಾತಿಗೆ ಐದೇ ನಿಮಿಷವಂತೆ. ರವೀಂದ್ರ ಕಲಾಕ್ಷೇತ್ರದ ಮಾತು ಇನ್ನೊಂದು ದಿನ ಆಡೋಣ. ಸಂಜೆ ಮಾತ್ರ ರಂಗಶಂಕರ ಬಿಡಬೇಡಿ. ಶಂಕರ್ ನಾಗ್ ನೆನಪಿಗೆ ಅರುಂಧತಿ ನಾಗ್ 2004ರಲ್ಲಿ ನಿಲ್ಲಿಸಿದ ರಂಗಮಂದಿರ. ನಾಟಕ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ಟ್ರಾಫಿಕ್ ಇತ್ತು ಅಂದರೂ ಇಲ್ಲ. ಬೇಗ ಹೊರಡಿ.

ಇದೊಂದು ಬರೆದುಕೊಳ್ಳಿ. ವಸ್ತುಸಂಗ್ರಹಾಲಯಕ್ಕೆ ಸೋಮವಾರ ರಜೆ, ವಿದ್ಯಾರ್ಥಿ ಭವನಕ್ಕೆ ಶುಕ್ರವಾರ. ನೆಂಟರನ್ನು ಮಂಗಳವಾರ ಕರೆಸಿಕೊಳ್ಳಿ.